ಎರಡನೇ ಟ್ರ್ಯಾಕಿನಲ್ಲಿದ್ದ ದನಿ

ನನ್ನ ಗಂಡ ಅಂಜನಕುಮಾರ ಹದಿನೇಳು ವರ್ಷ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಇದ್ದರು. ದಾವಣಗೆರೆ ಬಿಟ್ಟರೆ ಬಾತಿ, ಹರಿಹರ, ಮಲೇಬೆನ್ನೂರು, ನಂದಿಗುಡಿ. ದಿನಕ್ಕೆ ಮೂರು ಸಲ ಹೋಗೋದು, ಮೂರು ಸಲ ಬರೋದು. ಸತ್ತಾಗ ನಲವತ್ತೊಂದು ವರ್ಷ. ಗಂಟಲ ಕ್ಯಾನ್ಸರ್. ಗುಟ್ಕಾ ತಿನ್ನುತ್ತಿದ್ದರು. ನಾನೂ ಹೇಳಿದೆ, ಅತ್ತೆಯೂ ಹೇಳಿದರು, ಬಿಡಲಿಲ್ಲ. ಮುಚ್ಚಿಡೋದು ಏನೂ ಇಲ್ಲ.

ಎತ್ತರ ಇರಲಿಲ್ಲ. ಕಪ್ಪಗೆ, ಸಣ್ಣ ಮೈ. ದನಿ ಮಾತ್ರ ದೊಡ್ಡದು. ಸ್ಟ್ಯಾಂಡಿನಲ್ಲಿ ಹರಿಹರದ ಬಸ್ಸು ಮೂರು ನಿಂತಿದ್ದರೆ ಜನ ಇವರ ಬಸ್ಸಿಗೇ ಹತ್ತುತ್ತಿದ್ದರು. ಹಾಗಂತ ಅರಚುತ್ತಿರಲಿಲ್ಲ. “ಅರಚೋನು ಕಂಡಕ್ಟರ್ ಅಲ್ಲ, ತರಕಾರಿ ಗಾಡಿಯೋನು” ಅನ್ನೋರು. ಬಸ್ಸಿನೊಳಗೆ ಊರಿನ ಹೆಸರು ಕೂಗೋಕೆ ಇವರದೇ ಒಂದು ರೀತಿ ಇತ್ತು. ಡ್ರೈವರ್ ಗೇರ್ ಬದಲಿಸುವಾಗ ಇಂಜಿನ್ ಸದ್ದು ಒಂದು ಚೂರು ಇಳಿಯುತ್ತೆ. ಆ ಸಂದಿಯಲ್ಲಿ ಕೂಗಬೇಕು. ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯೋನಿಗೂ ಕೇಳುತ್ತೆ, ಗಂಟಲೂ ನೋಯಲ್ಲ. ಹೊಸದಾಗಿ ಬಂದ ಕಂಡಕ್ಟರುಗಳಿಗೆ ಇದನ್ನು ಹೇಳಿಕೊಡುತ್ತಿದ್ದರು.

ನಾನು ಇವರನ್ನು ಮೊದಲು ಕಂಡಿದ್ದೂ ಆ ಬಸ್ಸಿನಲ್ಲೇ, ಮದುವೆಗೆ ಮುಂಚೆ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಚೀಲದಲ್ಲಿ ಕೋಳಿ ಇಟ್ಟುಕೊಂಡು ಕೂತಿದ್ದಳು.

“ಅಜ್ಜಿ, ಕೋಳಿಗೆ ಹಾಫ್ ಟಿಕೆಟ್” ಅಂದರು ಇವರು.

“ಅದಕ್ಕಿನ್ನೂ ಹಲ್ಲೇ ಬಂದಿಲ್ಲ ಕಣಪ್ಪಾ, ಎಂಥ ಟಿಕೆಟ್ಟು.”

“ಹಲ್ಲು ನಿನಗೂ ಇಲ್ಲ. ಹಂಗಂತ ನೀನೂ ಫ್ರೀನಾ?”

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಎರಡು ವರ್ಷದ ಮೇಲೆ ನನ್ನನ್ನು ನೋಡೋಕೆ ಗಂಡು ಬಂದಾಗ, ಅದೇ ಕಂಡಕ್ಟರ್. ಮುಖ ನೋಡಿ ಗುರುತು ಸಿಗಲಿಲ್ಲ. “ನೀರು ಕೊಡ್ರಿ” ಅಂದಾಗ ಗೊತ್ತಾಯಿತು.

ಮಕ್ಕಳಾಗಲಿಲ್ಲ. ಸರಸ್ವತಿ ನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಇವರು, ನಾನು, ಅತ್ತೆ ಉಡಚಮ್ಮ. ನಾನು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತೇನೆ. ಈಗಲೂ ಅದೇ.

ಒಂದು ದೀಪಾವಳಿ ಹೊತ್ತಿಗೆ ದನಿ ಒಡೆಯಿತು. ನೆಗಡಿ ಅಂದುಕೊಂಡೆವು. ಮೆಣಸು ಶುಂಠಿ ಕುದಿಸಿ ಕೊಟ್ಟೆ. ಸಂಕ್ರಾಂತಿಗೂ ಹೋಗಲಿಲ್ಲ. ಬಸ್ಸಿನ ಮಾಲೀಕರು ರಜಾ ತಗೋ ಅಂದರು. ಡಾಕ್ಟರು ಗಂಟಲೊಳಗೆ ಪೈಪು ಬಿಟ್ಟು ನೋಡಿದರು. ದನಿಪೆಟ್ಟಿಗೆ ತೆಗೆಯಬೇಕು, ಕುತ್ತಿಗೆಯಲ್ಲಿ ತೂತು ಬಿಡುತ್ತೇವೆ, ಅದರಲ್ಲಿ ಉಸಿರಾಡಬೇಕು, ಮಾತು ಹೋಗುತ್ತೆ, ಜೀವ ಉಳಿಯಬಹುದು ಅಂದರು. ಐದು ವಾರ ಬಿಟ್ಟು ಆಪರೇಷನ್ನಿಗೆ ದಿನ ಕೊಟ್ಟರು.

ಮನೆಗೆ ಬಂದು ಊಟ ಮಾಡಿದರು. ಕೈ ತೊಳೆದು ನನ್ನ ಕಡೆ ನೋಡಿ, ಹೆಸರು ಹಿಡಿದು, “ಉಚ್ಚಂಗಿ, ಐದು ವಾರ ಐತೆ” ಅಂದರು. ಅಷ್ಟೇ.

ಮರುದಿನ ಮಂಡಿಪೇಟೆಗೆ ತೌಸೀಫನ ಅಂಗಡಿಗೆ ಹೋದರು. ತೌಸೀಫ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಹರಿಹರದವನು. ಒಂಬತ್ತು ವರ್ಷ ದಿನಾ ಇವರ ಬಸ್ಸಿನಲ್ಲೇ ಓಡಾಡಿದವನು. ಇವರು ರಜದಲ್ಲಿದ್ದಾಗ ಹೊತ್ತು ಹೋಗದೆ ಅವನ ಅಂಗಡಿಯಲ್ಲಿ ಕೂರುತ್ತಿದ್ದರು. ಅಲ್ಲಿ ಒಂದು ಬಸ್ ಓಡಿಸೋ ಗೇಮ್ ಕಂಡಿದ್ದರು. ಆ ಗೇಮು ಹಾಕಿದ ಒಂದು ಹಳೇ ಕಂಪ್ಯೂಟರನ್ನು ತೌಸೀಫ ಆಟೋದಲ್ಲಿ ತಂದು ನಮ್ಮ ಮನೆಯಲ್ಲಿಟ್ಟ. “ಬೇಕಾದಷ್ಟು ದಿನ ಇಟ್ಕೋ ಅಣ್ಣ, ಆಮೇಲೆ ಕೊಡುವಂತೆ” ಅಂದ. ಹೆಡ್‌ಫೋನು, ಮೈಕು ಕೊಟ್ಟ. ಎರಡು ದಿನ ಕೂತು ಹೇಳಿಕೊಟ್ಟ.

ಗೇಮಿನಲ್ಲಿ ಬಸ್ಸು ಹೋಗೋದು ಯಾವುದೋ ದೇಶದ ರಸ್ತೆ. ಗುಡ್ಡದ ಮೇಲೆ ಬೆಳ್ಳಗೆ ಮಂಜು. ಮನೆಗಳ ಸೂರು ಚೂಪು. ರಸ್ತೆಯಲ್ಲಿ ಒಂದು ದನ ಇಲ್ಲ. ಇವರು ಮೊದಲು ಬಸ್ಸು ಓಡಿಸಿ ಅದನ್ನು ರೆಕಾರ್ಡ್ ಮಾಡೋರು. ಆಗ ಬರೀ ಇಂಜಿನ್ ಸದ್ದು, ಹಾರನ್. ಆಮೇಲೆ ಆ ವಿಡಿಯೋ ಹಾಕಿಕೊಂಡು ಅದರ ಮೇಲೆ ಮೈಕಿನಲ್ಲಿ ಕೂಗೋರು. ಆ ಮಂಜಿನ ರಸ್ತೆಯಲ್ಲಿ ಬಸ್ಸು ತಿರುಗಿದ ಕೂಡಲೇ, “ಬಾತಿ, ಬಾತಿ ಇಳಿಯೋರು ಮುಂದೆ ಬರ್ರಿ.” ಸೇತುವೆ ಬಂದರೆ, “ಹೊಳೆ ಬಂತು, ಹರಿಹರ, ಹರಿಹರದೋರು ಚೀಲ ನೋಡ್ಕಳ್ರಿ.”

ಬೆಳಿಗ್ಗೆ ಹತ್ತರ ಮೇಲೆ ಕೂರುತ್ತಿದ್ದರು. ಆ ಹೊತ್ತಿಗೆ ದನಿ ಸ್ವಲ್ಪ ಹಸನಾಗಿರುತ್ತಿತ್ತು. ಹತ್ತು ನಿಮಿಷ ಕೂಗಿದರೆ ಮುಗೀತು, ಮರುದಿನದ ತನಕ ಪಿಸುಮಾತು. ಫ್ಯಾನ್ ಹಾಕಂಗಿಲ್ಲ. ಕುಕ್ಕರ್ ಇಡಂಗಿಲ್ಲ. ಸೀಟಿ ಹೊಡೆದರೆ ಮೊದಲಿಂದ.

ಅತ್ತೆ ಹಿಂದೆ ಕೂತು ನೋಡೋರು.

“ಏನೋ ಇದು, ಬಸ್ಸಿನಾಗೆ ಒಬ್ರೂ ಇಲ್ಲ. ಯಾರನ್ನ ಕರೀತಿ?”

“ಬರ್ತಾರೆ ಸುಮ್ಕಿರವ್ವ. ಇವತ್ತು ಅಮಾಸಿ, ಜನ ಕಮ್ಮಿ.”

“ಸಂಬಳ ಯಾರು ಕೊಡ್ತಾರೆ?”

“ನೀನೇ. ಎಲ್ಲಿಗೆ ಹೊಂಟಿ, ಟಿಕೆಟ್ ತಗಾ.”

“ನಾನು ಕಂಡಕ್ಟರ್ ತಾಯಿ ಕಣೋ, ನನಗೆಂಥ ಟಿಕೆಟ್ಟು” ಅನ್ನೋರು ಅತ್ತೆ. ಅದೂ ರೆಕಾರ್ಡ್ ಆಯಿತು. ಇವರು ತೆಗೆಯಲಿಲ್ಲ.

ಒಂದು ದಿನ ನಾನು ಮರೆತು ರೊಟ್ಟಿ ಬಡಿದುಬಿಟ್ಟೆ. ಬೈತಾರೆ ಅಂದುಕೊಂಡೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಮತ್ತೆ ಕೇಳಿದರು. “ಇರಲಿ. ನಿನ್ನ ಕೈ ಬಡಿಯೋದು ಬಸ್ಸಿನ ಬಾಡಿ ಬಡಿದಂಗೇ ಐತೆ” ಅಂದರು. ಕಂಡಕ್ಟರುಗಳು ಬಸ್ಸು ಹೊರಡಲಿ ಅಂತ ತಗಡಿಗೆ ಅಂಗೈಯಲ್ಲಿ ಬಡಿಯುತ್ತಾರಲ್ಲ, ಹಾಗೆ. ಅವತ್ತಿನಿಂದ ಬಸ್ಸು ನಿಂತು ಹೊರಡುವಾಗ ನನಗೆ ಕೈ ಸನ್ನೆ ಮಾಡೋರು. ನಾನು ಎರಡು ಸಲ ಬಡಿಯುತ್ತಿದ್ದೆ. ಇವರು “ರೈಟ್” ಅನ್ನೋರು.

ಯಾಕ ಇದು ಅಂತ ಒಂದು ಸಲ ಕೇಳಿದೆ. “ಊರು ಕೂಗೋದು ಒಂದೇ ನನಗೆ ಬರೋ ಕೆಲಸ. ಅದನ್ನ ಎಲ್ಲಾದ್ರೂ ಇಟ್ಟು ಹೋಗ್ಬೇಕು. ಇಡೀ ರೂಟ್ ಮುಗಿಸಿ ಯೂಟ್ಯೂಬಿಗೆ ಹಾಕ್ತೀನಿ” ಅಂದರು.

ರೂಟನ್ನು ಹತ್ತು ಭಾಗ ಮಾಡಿಕೊಂಡಿದ್ದರು. ಒಂಬತ್ತು ಆಯಿತು. ಹತ್ತನೆಯದು ನಂದಿಗುಡಿ. ಅದಕ್ಕೆ ಮೂರು ದಿನ ಕೂತರು. ದನಿ ಏಳಲಿಲ್ಲ. ಆಪರೇಷನ್ ದಿನ ಬಂತು.

ಆಮೇಲೆ ಎಂಟು ತಿಂಗಳು ಬದುಕಿದ್ದರು. ಕುತ್ತಿಗೆಯಲ್ಲಿ ತೂತು, ಕೈಯಲ್ಲಿ ಸ್ಲೇಟು. ಬೇಕು ಬೇಡ ಎಲ್ಲಾ ಅದರಲ್ಲೇ. ದಿನಾ ಹೆಡ್‌ಫೋನ್ ಹಾಕಿಕೊಂಡು ಆ ಒಂಬತ್ತು ವಿಡಿಯೋ ಇಟ್ಟುಕೊಂಡು ಕೂರೋರು. ನನಗೆ ತೋರಿಸಿದರು. ಕೆಳಗೆ ಎರಡು ಸಾಲು ಗೀಟು, ಅದಕ್ಕೆ ಟ್ರ್ಯಾಕು ಅಂತಾರೆ. ಮೇಲಿನದು ಬಸ್ಸಿನ ಸದ್ದು, ಕೆಳಗಿನದು ಇವರ ದನಿ. ಕೂಗಿದ ಕಡೆ ಕಂಬಳಿಹುಳದ ಕೂದಲಿನಂಗೆ ಎದ್ದು ನಿಂತಿತ್ತು. ಗೇರ್ ಬದಲಿಸೋ ಸಂದಿಗೆ ದನಿ ಸರಿಯಾಗಿ ಬಂದು ಕೂರಬೇಕು, ಇಂಜಿನ್ ಅದನ್ನು ನುಂಗಬಾರದು, ಇಂಜಿನ್ ಇಲ್ಲ ಅಂತಲೂ ಅನ್ನಿಸಬಾರದು. ಅದಕ್ಕೆ ಕೆಳಗಿನ ಸಾಲನ್ನು ಒಂದು ಕೂದಲೆಳೆ ಆ ಕಡೆ, ಒಂದು ಕೂದಲೆಳೆ ಈ ಕಡೆ ಎಳೆಯೋರು. ದಿನವೆಲ್ಲ ಅದೇ.

ತೌಸೀಫ ಆಗಾಗ ಬರುತ್ತಿದ್ದ. “ಅಣ್ಣ, ಎರಡು ಟ್ರ್ಯಾಕ್ ಕೂಡಿಸಿ ಒಂದು ಮಾಡಿಬಿಡು. ಹಿಂಗೆ ಬ್ಯಾರೆ ಬ್ಯಾರೆ ಇಟ್ರೆ ಬ್ಯಾರೆ ಕಡೆ ಹಾಕಿದಾಗ ಮೇಲಿಂದು ಒಂದೇ ಕೇಳುತ್ತೆ” ಅಂದ.

ಇವರು ಸ್ಲೇಟಿನಲ್ಲಿ ಬರೆದರು: ನಂದಿಗುಡಿ ಮುಟ್ಟಿಲ್ಲ.

“ಮಲೇಬೆನ್ನೂರಿಗೇ ಇಳಿಸಿಬಿಡಣ್ಣ. ಆಟೋ ಮಾಡ್ಕೊಂಡು ಹೋಗ್ತಾರೆ.”

ಇವರು ನಕ್ಕರು. ನಕ್ಕರೆ ಕುತ್ತಿಗೆ ತೂತಿನಲ್ಲಿ ಗಾಳಿ ಸುಯ್ ಅನ್ನುತ್ತಿತ್ತು. ಕೂಡಿಸಲಿಲ್ಲ. ತೌಸೀಫ ಹೇಳಿದ ಮಾತು ನನ್ನ ಕಿವಿಗೂ ಬಿದ್ದಿತ್ತು. ನನಗೆ ಅದರ ಅರ್ಥ ಆಗಿರಲಿಲ್ಲ.

ಕಾರ್ತಿಕದಲ್ಲಿ ಹೋದರು.

ಕಾರ್ಯ ಆದ ಮೇಲೆ ಇವರ ಹಾಸಿಗೆ, ಬಟ್ಟೆ ಎಲ್ಲಾ ಕೊಟ್ಟೆವು. ಅತ್ತೆ ಕಂಪ್ಯೂಟರ್ ಕಡೆ ನೋಡಿ, “ಇದನ್ನೂ ಕಳಿಸು. ಕಡೇ ತನಕ ಇದರ ಮುಂದೇ ಕುಂತಿದ್ದ. ಮನೆಯಾಗೆ ಇರೋದು ಬ್ಯಾಡ” ಅಂದರು. ಅದು ತೌಸೀಫನದೇ. ಹೇಳಿ ಕಳಿಸಿದೆ, ಬಂದ.

“ವಿಡಿಯೋ ನಿಮಗೆ ಹಾಕಿ ಕೊಡ್ತೀನಿ ಅಕ್ಕಾ. ನಿಮ್ಮ ಹತ್ರ ನೋಡಾಕೆ ಏನೈತೆ?”

“ಟಿ.ವಿ. ಐತಪ್ಪಾ. ಪೆನ್ ಡ್ರೈವ್ ಸಿಗಸೋ ತೂತು ಐತೆ ಅದಕ್ಕೆ.”

“ಫೈಲು ಭಾರಿ ದೊಡ್ಡವು. ಟಿ.ವಿ. ತಗಳಲ್ಲ. ಸಣ್ಣ ಮಾಡಿ ಹಾಕ್ಲಾ?”

“ನಮ್ಮ ಟಿ.ವಿ.ಯಾಗೆ ಬರಂಗ ಮಾಡು” ಅಂದೆ.

ಅವನಿಗೂ ಆ ಗಡಿಬಿಡಿಯಲ್ಲಿ ಎರಡನೇ ಟ್ರ್ಯಾಕು ಮರೆತುಹೋಗಿತ್ತು. ಒಂಬತ್ತನ್ನೂ ಒಟ್ಟಿಗೆ ಹಾಕಿ ಸಣ್ಣ ಮಾಡಿದ. ಮರುದಿನ ಪೆನ್ ಡ್ರೈವ್ ತಂದು ನನ್ನ ಕೈಗೆ ಕೊಟ್ಟ. ಹೊರಗೆ ಹೋಗಿ ಚಪ್ಪಲಿ ಹಾಕಿಕೊಳ್ಳುತ್ತಾ ಅತ್ತ.

ಅವತ್ತೇ ಹಾಕಬೇಕು ಅಂತ ಎದ್ದೆ. ಅತ್ತೆ ಕೈ ಹಿಡಿದರು.

“ವರ್ಷ ತುಂಬಲಿ. ಸತ್ತೋರ ದನಿ ಮನೆಯಾಗೆ ಕೇಳಿಸಿದ್ರೆ ಹೋಗೋ ಜೀವ ಬಾಗಲಾಗೆ ನಿಂತ್ಕಳುತ್ತೆ. ಅತ್ಲಾಗೂ ಹೋಗಲ್ಲ, ಇತ್ಲಾಗೂ ಬರಲ್ಲ. ನನ್ನ ಮಗ ನೆಟ್ಟಗೆ ಹೋಗ್ಲಿ.”

ನಮ್ಮ ಮಾವನವರು ಹೋದಾಗ ಅವರ ಭಜನೆ ಕ್ಯಾಸೆಟ್ ಕೂಡ ಮನೆಯಲ್ಲಿ ಯಾರೂ ಒಂದು ವರ್ಷ ಮುಟ್ಟಿರಲಿಲ್ಲವಂತೆ. ಅದು ಇವರ ಮನೆತನದ ನಡಾವಳಿ. ನನಗೆ ನಂಬಿಕೆ ಇತ್ತೋ ಇಲ್ಲವೋ ಗೊತ್ತಿಲ್ಲ. ಎಂಟು ತಿಂಗಳು ಆ ದನಿ ಇಲ್ಲದೇ ಇದ್ದೆ, ಇನ್ನೊಂದು ವರ್ಷ ಅಲ್ವಾ ಅಂದುಕೊಂಡೆ. ಪೆನ್ ಡ್ರೈವನ್ನು ಕುಂಕುಮದ ಡಬ್ಬಿಯಲ್ಲಿ ಹಾಕಿ ದೇವರ ಜಗಲಿ ಮೇಲಿಟ್ಟೆ.

ಬೇರೆ ಕಡೆ ಇವರ ದನಿ ಇಲ್ಲ. ಇವರದು ಬಟನ್ ಫೋನು. ಕೈ ತಪ್ಪಿ ಬೀಳೋ ಕೆಲಸಕ್ಕೆ ದೊಡ್ಡ ಫೋನ್ ಯಾಕ ಅನ್ನೋರು. ಮದುವೆ ವಿಡಿಯೋ ಇದೆ. ಅದರಲ್ಲಿ ಫೋಟೋದವನು ಶುರುವಿನಿಂದ ಕಡೇ ತನಕ ಸಿನಿಮಾ ಹಾಡು ಹಾಕಿದ್ದಾನೆ. ಎಲ್ಲರ ಬಾಯಿ ಆಡುತ್ತೆ, ಮಾತು ಇಲ್ಲ.

ನಾಲ್ಕನೇ ತಿಂಗಳು ನಾನು, ಅತ್ತೆ ಮಂಡಿಪೇಟೆಗೆ ಜೋಳ ತರೋಕೆ ಹೋಗಿದ್ದೆವು. ಅತ್ತೆ ಸಣ್ಣ ಚೀಲ ಹೊತ್ತು ಮುಂದೆ ಹೋಗಿದ್ದರು. ತೌಸೀಫ ಎದುರು ಸಿಕ್ಕ.

“ಅಕ್ಕಾ, ನೋಡಿದ್ರಾ? ಟಿ.ವಿ.ಯಾಗೆ ಬಂದಾವಾ?”

ನೋಡಿಲ್ಲ ಅಂದರೆ ಯಾಕೆ ಅಂತಾನೆ. ಜೀವ ಬಾಗಿಲಲ್ಲಿ ನಿಲ್ಲೋ ಮಾತೆಲ್ಲ ಅವನಿಗೆ ಹೇಳಬೇಕು. ಓದಿದವನು, ಬೇರೆ ಮತದವನು, ಒಳಗೇ ನಗಬಹುದು ಅನ್ನಿಸಿತು.

“ಹ್ಞೂ, ಬಂದಾವೆ” ಅಂದೆ.

“ಅಣ್ಣನ ದನಿ ಚೆನ್ನಾಗಿ ಕೇಳುತ್ತಾ?”

“ಕೇಳುತ್ತೆ.”

“ಅಷ್ಟಾದ್ರೆ ಸಾಕಕ್ಕಾ” ಅಂದ. ಮುಖ ಅರಳಿತ್ತು. ಹೋದ.

ವರ್ಷ ತುಂಬಿತು. ಎಡೆ ಇಟ್ಟೆವು, ನಾಲ್ಕು ಜನಕ್ಕೆ ಊಟ ಹಾಕಿದೆವು. ಮರುದಿನ ಬೆಳಿಗ್ಗೆ ಅತ್ತೆ ತಲೆಗೆ ಸ್ನಾನ ಮಾಡಿ ಬಂದು ಟಿ.ವಿ. ಮುಂದೆ ಕೂತರು. ನಾನು ಪೆನ್ ಡ್ರೈವ್ ಸಿಗಿಸಿದೆ.

ಬಸ್ಸು ಬಂತು. ಮಂಜಿನ ಗುಡ್ಡ ಬಂತು. ಇಂಜಿನ್ ಸದ್ದು ಜೋರಾಗಿ ಬಂತು.

“ಸೌಂಡ್ ಜಾಸ್ತಿ ಮಾಡು” ಅಂದರು ಅತ್ತೆ.

ಮಾಡಿದೆ. ಗೇರ್ ಬದಲಾಯಿತು. ಇಂಜಿನ್ ಇಳಿಯಿತು. ಆ ಸಂದಿ ಖಾಲಿ. ಮತ್ತೆ ಇಂಜಿನ್ ಏರಿತು. ಬಸ್ಸು ನಿಂತಿತು, ಬಾಗಿಲು ತೆರೆಯಿತು, ಮುಚ್ಚಿತು, ಹೊರಟಿತು. ಯಾರೂ ರೈಟ್ ಅನ್ನಲಿಲ್ಲ. ನಾನು ಬಡಿದದ್ದೂ ಇಲ್ಲ. ಎರಡನೆಯದು ಹಾಕಿದೆ. ಮೂರನೆಯದು ಹಾಕಿದೆ. ಒಂಬತ್ತೂ ಹಾಕಿದೆ. ಸೇತುವೆ ಮೇಲೆ ಬಸ್ಸು ಸುಮ್ಮನೆ ಹೋಯಿತು.

“ಇವನು ಯಾಕ ಮಾತಾಡ್ವಲ್ಲ?” ಅಂದರು ಅತ್ತೆ.

ಪೆನ್ ಡ್ರೈವ್ ಕಿತ್ತುಕೊಂಡು ಮಂಡಿಪೇಟೆಗೆ ಹೋದೆ. ತೌಸೀಫ ಅಂಗಡಿಯ ಕಂಪ್ಯೂಟರಿಗೆ ಹಾಕಿ ನೋಡಿದ. ಏನೋ ಒತ್ತಿದ, ಮತ್ತೆ ಒತ್ತಿದ. ಅವನ ಕಿವಿ ಕೆಂಪಗಾಯಿತು.

“ಒಂದೇ ಟ್ರ್ಯಾಕ್ ಐತೆ ಅಕ್ಕಾ. ಸಣ್ಣ ಮಾಡುವಾಗ ಎರಡನೇದು ಬಿಟ್ಟುಹೋಗೈತೆ. ನಾನೇ ನೋಡ್ಬೇಕಿತ್ತು.”

“ಮೊದಲಿನವು ಇರ್ತಾವಲ್ಲ, ಕಂಪ್ಯೂಟರಿನಾಗೆ?”

ಅವನು ನನ್ನ ಮುಖ ನೋಡಲಿಲ್ಲ. “ನಾಲ್ಕು ತಿಂಗಳು ಮುಟ್ಟದೆ ಇಟ್ಟಿದ್ದೆ. ನೀವು ಬಂದಾವೆ ಅಂದ್ರಲ್ಲ. ದನಿ ಕೇಳುತ್ತೆ ಅಂದ್ರಿ. ಆ ವಾರಾನೇ ಡಿಸ್ಕ್ ಅಳಿಸಿ ಹರಿಹರದಾಗೆ ಬುಡನ್ ಸಾಬ್ರ ಫ್ಲೆಕ್ಸ್ ಅಂಗಡಿ ಕಂಪ್ಯೂಟರಿಗೆ ಹಾಕಿದೆ.”

ಸುಳ್ಳು ಹೇಳಿದ್ದೆ ಅಂತ ಅವನಿಗೆ ಆವಾಗ ಹೇಳಿದೆ. ಕಾರಣವನ್ನೂ ಹೇಳಿದೆ. ನಗಲಿಲ್ಲ. “ನಮ್ಮಮ್ಮಿ ಸತ್ತಾಗ ನಾನೂ ಆರು ತಿಂಗಳು ಅವರ ವಾಯ್ಸ್ ಮೆಸೇಜ್ ಹಾಕಲಿಲ್ಲ” ಅಂದ. “ಒಂದು ಮಾತು ಹೇಳಿದ್ರೆ ಇಟ್ಟಿರ್ತಿದ್ದೆ ಅಕ್ಕಾ.”

ಅಂಗಡಿ ಮುಚ್ಚಿ ನನ್ನ ಜೊತೆ ಹೊರಟ. ಹರಿಹರಕ್ಕೆ ಬಸ್ಸಿನಲ್ಲಿ ಹೋದೆವು. ಫ್ಲೆಕ್ಸ್ ಅಂಗಡಿಯಲ್ಲಿ ಬುಡನ್ ಸಾಬ್ ಸ್ಟೂಲು ಒರೆಸಿ ಹಾಕಿದರು.

“ಕೂಡ್ರಿ ತಂಗಿ. ಅಂಜನಣ್ಣನ ಮನೆಯೋರಾ? ಅವರ ಬಸ್ಸಿನಾಗೆ ಫ್ಲೆಕ್ಸ್ ಸುರುಳಿ ಹಾಕಿದ್ರೆ, ಲಗೇಜಿಗೆ ಸಲಾಂ ಹೊಡೆದು ಒಂದು ಸೀಟು ಕೊಡ್ತಿದ್ರು. ಏನಾಗ್ಬೇಕಿತ್ತು ಹೇಳ್ರಿ.”

ತೌಸೀಫ ಹೇಳಿದ. ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಂಪ್ಯೂಟರ್ ಬಂದ್ ಮಾಡಿ, ಡಿಸ್ಕ್ ಬಿಚ್ಚಿ ಕೊಟ್ಟುಬಿಟ್ಟರು. ಹೊರಗೆ ಗಿರಾಕಿ ಕಾಯುತ್ತಿದ್ದ. “ನಾಳೆ ಬಾರಪ್ಪಾ” ಅಂದರು ಅವನಿಗೆ.

ಅಳಿಸಿದ್ದನ್ನು ಮತ್ತೆ ಹುಡುಕಿ ತೆಗೆಯೋ ಸಾಫ್ಟ್‌ವೇರ್ ಇದೆ ಅಂತ ತೌಸೀಫ ಎರಡು ದಿನ ಕೂತ. ಎರಡನೇ ದಿನ ಸಂಜೆ ನನ್ನನ್ನು ಕರೆದ. ಸ್ಕ್ರೀನ್ ತುಂಬ ಫೋಟೋ. ಹುಟ್ಟುಹಬ್ಬದ ಫ್ಲೆಕ್ಸು, ಅಂಗಡಿ ಓಪನಿಂಗು. ಅದಕ್ಕಿಂತ ಹೆಚ್ಚಿಗೆ ಶ್ರದ್ಧಾಂಜಲಿಯವು. ಹಾರ ಹಾಕಿದ ಮುಖಗಳು, ಕೆಳಗೆ ಹುಟ್ಟಿದ ದಿನ, ಸತ್ತ ದಿನ. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಮುದುಕರು.

“ಎಂಟು ತಿಂಗಳಾಗೆ ಇವು ಆ ಜಾಗಕ್ಕೆ ಬಂದು ಕುಂತಾವೆ ಅಕ್ಕಾ. ಅಡಿಯಾಗೆ ಇದ್ದದ್ದು ಹೋದಂಗೆ.”

“ಒಂದು ಚೂರೂ ಇಲ್ವಾ?”

“ಒಂದು ಕಡೆ ಆರು ಸೆಕೆಂಡು ಬಂತು. ಚಿತ್ರ ಐತೆ. ಸದ್ದಿಲ್ಲ.”

ಆ ಆರು ಸೆಕೆಂಡು ತೋರಿಸಿದ. ಮಂಜಿನ ರಸ್ತೆ. ನೋಡಿ ಎದ್ದು ಬಂದೆ. ಅವನು ಹಿಂದೆ ಬಂದು ಇನ್ನೂ ಏನೋ ಹೇಳಿದ. ಬೆಂಗಳೂರಿಗೆ ಕಳಿಸಬಹುದು ಅಂದ. ಅವರೂ ಇದನ್ನೇ ಹೇಳ್ತಾರೆ ಅಂತಲೂ ಅವನೇ ಅಂದ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅಳಿಸಿಹೋಗಿದೆ, ಸಿಗಲ್ಲ ಅಂದೆ. ಅವರು ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದರು.

“ಯಾವಾಗ ಅಳಿಸಿದ್ದು?”

“ನಾಲ್ಕು ತಿಂಗಳು ಆದ ಮೇಲೆ.”

“ಮೊದಲೇ ಹಾಕಿ ನೋಡಿದ್ರೆ ಸಿಗ್ತಿತ್ತಾ?”

“ಸಿಗ್ತಿತ್ತು.”

“ನಾನು ವರ್ಷ ತುಂಬಲಿ ಅಂದೆ.”

ನಾನು ಒಲೆ ಕಡೆ ತಿರುಗಿದೆ.

“ನನ್ನಿಂದ್ಲೇ ಆತು” ಅಂದರು.

ಅವತ್ತು ಉಣ್ಣಲಿಲ್ಲ. ಮರುದಿನವೂ ಬರೀ ಚಹಾ. ಈಗಲೂ ಎರಡು ತುತ್ತಿಗೇ ಕೈ ತೊಳೆಯುತ್ತಾರೆ. ಆಮೇಲೆ ಓಣಿಯ ಹೆಂಗಸರು ಬಂದರೆ ಅವರ ಮುಂದೆ ಹೇಳೋಕೆ ಶುರು ಮಾಡಿದರು. ಮಗನ ದನಿ ಇತ್ತಂತೆ, ನಾನು ಕೇಳಬ್ಯಾಡ ಅಂದೆನಂತೆ, ಹೋತಂತೆ. ಬೇರೆ ಯಾರದೋ ಕಥೆ ಹೇಳಿದಂಗೆ ಹೇಳುತ್ತಾರೆ. ಬಂದವರು “ಬಿಡವ್ವ, ಹಣೇಬರ” ಅಂತಾರೆ. ನಾನು ಒಳಗೆ ರೊಟ್ಟಿ ಬಡಿಯುತ್ತಾ ಕೇಳುತ್ತಿರುತ್ತೇನೆ.

ಇವರು ಏನೇನು ಕೂಗಿದರು ಅನ್ನೋದು ಎಲ್ಲಾ ನನಗೆ ನೆನಪಿದೆ. ಬರೆದು ಕೊಡು ಅಂದರೆ ಕೊಡುತ್ತೇನೆ. ಆದರೆ ಕಣ್ಣು ಮುಚ್ಚಿ ನೆನೆಸಿಕೊಂಡರೆ ಅದು ನನ್ನ ದನಿಯಲ್ಲೇ ಬರುತ್ತೆ. ಇವರದು ಬರಲ್ಲ. ಎಂಟು ತಿಂಗಳು ಸ್ಲೇಟು, ಆಮೇಲೆ ಒಂದು ವರ್ಷ. ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಮಂಡಿಪೇಟೆಯಲ್ಲಿ ನಾನು ಹೇಳಿದ ಸುಳ್ಳು ಅತ್ತೆಗೆ ಗೊತ್ತಿಲ್ಲ. ತೌಸೀಫ ಹೇಳೋನಲ್ಲ. ಅತ್ತೆಗೆ ಓದೋಕೆ ಬರಲ್ಲ, ಇದನ್ನೂ ಓದಲ್ಲ. ಅವರ ನಡಾವಳಿ ಅವರು ನಡೆಸಿದರು. ನೋಡಿಲ್ಲ ಕಣಪ್ಪಾ, ಇನ್ನೂ ಇಟ್ಟುಕೋ ಅಂತ ನಾನು ಒಂದು ಮಾತು ಅಂದಿದ್ದರೆ ನಡಾವಳಿ, ದನಿ ಎರಡೂ ಉಳಿಯುತ್ತಿದ್ದವು. ಇದನ್ನು ಅತ್ತೆಗೆ ಹೇಳಿದರೆ ಅವರು ಉಣ್ಣುತ್ತಾರೆ. ದಿನಾ ಹೇಳಬೇಕು ಅಂತ ಅವರ ಮುಂದೆ ತಟ್ಟೆ ಇಡುತ್ತೇನೆ. ನನಗೆ ಇದ್ದ ಇಬ್ಬರಲ್ಲಿ ಉಳಿದಿರೋದು ಅವರೊಬ್ಬರೇ, ಅವರೂ ನನ್ನನ್ನು ಬೇರೆ ಕಣ್ಣಿನಿಂದ ನೋಡೋದು ನನಗೆ ತಡೆಯೋಕಾಗಲ್ಲ. ತಟ್ಟೆ ಇಟ್ಟು ಬರುತ್ತೇನೆ.